ಗುದ್ದಲಿ ಹಾಕಿದ ಮೇಲಿನ ಸ್ವಾಗತ

ಪರ್ತ್‌ನಲ್ಲಿ ನಮ್ಮ ಕನ್ನಡ ಸಂಘದ ಭವನಕ್ಕೆ ಭೂಮಿಪೂಜೆ. ಅಲ್ಲಿನ ಪದ್ಧತಿಯಂತೆ, ನಮ್ಮನ್ನು ಆ ನೆಲಕ್ಕೆ ಸ್ವಾಗತಿಸಲು ಮೂಲನಿವಾಸಿಗಳ ಹಿರಿಯ ಮಹಿಳೆಯೊಬ್ಬರನ್ನು ಕರೆದಿದ್ದೆವು. ಮುಹೂರ್ತ ಮೀರುತ್ತದೆಂದು ಪುರೋಹಿತರು ಅವಸರ ಮಾಡಿದರು. ಆಕೆ ಬರುವ ಮೊದಲೇ ಗುದ್ದಲಿ ಹಾಕಿಬಿಟ್ಟೆವು.

ಆಕೆ ಬಂದು ಗುಂಡಿ ನೋಡಿದರು. "ಅಗೆದಾಯಿತಲ್ಲ. ಇನ್ನು ಒಳಗೆ ಬನ್ನಿ ಅಂತ ಯಾರಿಗೆ ಹೇಳಲಿ?" ಎಂದು ಕಾರಿನ ಕಡೆ ತಿರುಗಿದರು.

ಕ್ಷಮೆಯ ಭಾಷಣ ನನಗೆ ಬಾರದು. ಗುಂಡಿಗೆ ಮಣ್ಣು ಎಳೆದೆ.

"ಅಂಕಲ್, ಪೂಜೆ ಮತ್ತೆ ಮಾಡ್ಬೇಕಾ?" ಎಂದ ಸಂಘದ ಕಾರ್ಯದರ್ಶಿ.

"ಮಾಡೋಣ. ಮೊದಲು ಎಲ್ಲರೂ ಬೇಲಿ ಆಚೆ ನಡೀರಿ."

ಹೊರಗೆ ಹೋಗಿ ನಿಂತೆವು. ಆಕೆ ನಕ್ಕರು. "ನಮ್ಮ ನೆಲಕ್ಕೆ ಬಂದವರಲ್ಲಿ ಮತ್ತೆ ಹೊರಗೆ ಹೋದವರು ನೀವೇ ಮೊದಲು," ಎಂದು ಒಳಗೆ ಕರೆದರು.

ಪುರೋಹಿತರಿಗೂ ಇನ್ನೊಂದು ಮುಹೂರ್ತ ಸಿಕ್ಕೇ ಸಿಕ್ಕಿತು. ಎಲ್ಲಿಂದ ಅಂತ ನಾನು ಕೇಳಲಿಲ್ಲ.