ಹೊಳೆಗೆ ಬೆಲ್ಲ ಕೊಟ್ಟ ಚಿಕ್ಕಮ್ಮ

ಇವತ್ತು ಬೆಳಿಗ್ಗೆ ಜೋನಿಬೆಲ್ಲದ ಡಬ್ಬಿಗೆ ಇರುವೆ ಮುತ್ತಿದ್ದು ಕಂಡು ಅಡುಗೆಮನೆಯಲ್ಲಿ ಒಬ್ಬನೇ ನಕ್ಕೆ. ಹೆಂಡತಿ ಇಣುಕಿದಳು, ನನ್ನ ಬಗ್ಗೆ ಹೊಸದಾಗಿ ಚಿಂತೆಪಡುವಂಥದ್ದೇನೂ ಇಲ್ಲವೆಂದು ಹೊರಟುಹೋದಳು. ನಿಮಗಾದರೂ ಕಾರಣ ಹೇಳುತ್ತೇನೆ.

ಹರಿಹರಪುರದಲ್ಲಿ ನಮ್ಮ ಪಕ್ಕದ ಮನೆಯೇ ಚಿಕ್ಕಮ್ಮನದು. ಬಂದವರಿಗೆ ಬೆಲ್ಲ-ನೀರು ಕೊಡದೆ ಅವಳು ಮಾತಿಗೆ ಕೂತವಳಲ್ಲ. ಕರೆಂಟಿನವನು ಬಂದರೂ ಮೊದಲು ಬೆಲ್ಲ, ಆಮೇಲೆ ಮೀಟರು. ಅವಳ ಮೊಮ್ಮಗಳು ಸುಮಾ ಸಮುದ್ರದ ಬಗ್ಗೆ ಸಂಶೋಧನೆ ಮಾಡುವವಳು. ಸಮುದ್ರ ಓದುವವಳಿಗೆ ತುಂಗೆಯಲ್ಲಿ ಏನು ಕೆಲಸ ಎಂದು ಕೆಲವು ವರ್ಷಗಳ ಹಿಂದೆ ನಾನೇ ಕೇಳಿದ್ದೆ. ಕಾಡಿನ ಎಲೆಗಳು ಕೊಳೆತು, ಅವುಗಳ ರಸ ನೀರಿನಲ್ಲಿ ಕರಗಿ, ಹೊಳೆಯ ಜೊತೆ ಸಮುದ್ರ ಸೇರುತ್ತದಂತೆ. ಅಲ್ಲಿ ಕಣ್ಣಿಗೆ ಕಾಣದ ಜೀವಿಗಳಿಗೆ ಅದೇ ಊಟ ಎಂದಳು.

"ಈಗ ಮಳೆ ಒಂದೇ ಸಲ ಸುರೀತದೆ, ಸಮುದ್ರಾನೂ ಬಿಸಿಯಾಗ್ತಿದೆ. ಬಿಸಿಯಾದಷ್ಟೂ ಅವಕ್ಕೆ ಹಸಿವು ಜಾಸ್ತಿ ಮಾವ. ತಿಂದ ರಸದಲ್ಲಿರೋ ಇಂಗಾಲ ಉಸಿರಾಗಿ ಮತ್ತೆ ಗಾಳಿಗೆ ಬರ್ತದೆ. ಇಲ್ಲಿಂದ ಎಷ್ಟು ಇಂಗಾಲ ಹೋಗ್ತದೆ ಅಂತ ಅಳೀಬೇಕು."

"ಅಂದ್ರೆ ಹೊಳೆ ಸಮುದ್ರಕ್ಕೆ ಕಷಾಯ ಹೊತ್ಕೊಂಡು ಹೋಗ್ತದೆ ಅನ್ನು," ಎಂದಳು ಚಿಕ್ಕಮ್ಮ. ಅಷ್ಟರವರೆಗೆ ನಾನು ಅರ್ಥವಾದವನ ಹಾಗೆ ತಲೆಯಾಡಿಸುತ್ತಿದ್ದೆ, ಅಷ್ಟೆ.

ಸುಮಾಗೆ ಬೇಕಾಗಿದ್ದು ಮಳೆಗಾಲ ಶುರುವಾದಾಗ ಹೊಳೆಯಲ್ಲಿ ಬರುವ ವರ್ಷದ ಮೊದಲ ಕೆಂಪು ನೀರು. ಅದು ಬರುವುದು ಒಂದೇ ಸಲ. ಹಿಂದಿನ ವರ್ಷ ಬಸ್ಸು ತಪ್ಪಿ ಕಳೆದುಕೊಂಡಿದ್ದಳು. ಈ ಸಲವೂ ತಪ್ಪಿದರೆ ಅವಳ ಸಂಶೋಧನೆ ಅಲ್ಲಿಗೆ ನಿಂತಂತೆ. ಅಂತೂ ನೀರು ಬಂತು. ತೊಳೆದ ಸ್ಟೀಲ್ ಕೊಡದಲ್ಲಿ ಹೊತ್ತು ತಂದು ಮೂರು ಬಾಟಲಿ ತುಂಬಿ ಚಿಕ್ಕಮ್ಮನ ಜಗಲಿಯಲ್ಲಿಟ್ಟೆವು. ಕೊಡದಲ್ಲಿ ಉಳಿದದ್ದನ್ನು ಚೆಲ್ಲುವ, ಬಾಟಲಿ ಕಾಯುವ ಕೆಲಸ ಎರಡನ್ನೂ ನನಗೆ ಒಪ್ಪಿಸಿ ಸುಮಾ ಐಸ್ ತರಲು ಕೊಪ್ಪಕ್ಕೆ ಹೋದಳು. ಬಂದು ನೋಡಿದರೆ ಬಾಟಲಿಗಳ ಸುತ್ತ ಇರುವೆ ಸಾಲು.

"ಅಜ್ಜಿ, ಹೊಳೆ ನೀರಿಗೆ ಇರುವೆ ಯಾಕೆ ಬಂತು?"

"ಅಷ್ಟು ದೂರ ಹೋಗೋ ನೀರು ಕೂಸೆ, ಸಪ್ಪೆ ಕಳ್ಸಕ್ಕಾಗ್ತದಾ? ಒಂದು ಚಮಚ ಬೆಲ್ಲ ಹಾಕಿದೆ."

"ಮೂರಕ್ಕೂ?"

"ಮತ್ತೆ? ಒಂದಕ್ಕೆ ಹಾಕಿ ಇನ್ನೊಂದಕ್ಕೆ ಭೇದ ಮಾಡ್ಲಾ?"

ಬೆಲ್ಲವೂ ಇಂಗಾಲವೇ. ಆ ನೀರನ್ನು ಅಳೆದಿದ್ದರೆ ಹರಿಹರಪುರದಲ್ಲಿ ತುಂಗೆ ಪಾಯಸವಾಗಿ ಹರಿಯುತ್ತಾಳೆಂದು ಯಂತ್ರ ಹೇಳುತ್ತಿತ್ತು. ಸುಮಾ ಮೆಟ್ಟಿಲ ಮೇಲೆ ಕುಸಿದು ಕೂತಳು, ಕಣ್ಣು ತುಂಬಿತ್ತು. ತಪ್ಪೇನೆಂದು ತಿಳಿದ ಚಿಕ್ಕಮ್ಮನ ಮುಖವೂ ಸಣ್ಣದಾಯಿತು. ಕಾಯಬೇಕಾದವನು ಪೇಪರ್ ಓದುತ್ತಿದ್ದೆನಲ್ಲ, ನನಗೆ ನಾಚಿಕೆಯಾಯಿತು. ಆಗ ನೆನಪಾಯಿತು: ನಾನು ಕೊಡದ ನೀರನ್ನೂ ಚೆಲ್ಲಿರಲಿಲ್ಲ. ಆಮೇಲೆ ಮಾಡಿದರಾಯಿತೆಂದು ಮುಚ್ಚಳ ಹಾಕಿ ಮೂಲೆಗೆ ತಳ್ಳಿದ್ದೆ.

"ಮಾವ, ನಿನ್ನ ಸೋಮಾರಿತನಕ್ಕೊಂದು ದೊಡ್ಡ ನಮಸ್ಕಾರ!" ಸುಮಾ ಕುಣಿದೇಬಿಟ್ಟಳು. ಹೊಸ ಬಾಟಲಿ ತುಂಬುವಷ್ಟು ಹೊತ್ತೂ ಚಿಕ್ಕಮ್ಮನ ಎರಡೂ ಕೈ ಹಿಡಿದು ಕೂರುವ ಕೆಲಸ ನನಗೆ ಬಂತು.

ಈಗ ಪ್ರತಿವರ್ಷ ಮೊದಲ ನೀರು ತುಂಬುವವನು ನಾನೇ. ಹೊಳೆಯೆಂದರೆ ನಮ್ಮೂರ ಬದಿಯಲ್ಲಿ ಹಾದುಹೋಗುವ ನೀರು ಎಂದುಕೊಂಡಿದ್ದವನು, ಅದರ ಹಿಂದೆ ಮನಸ್ಸಿನಲ್ಲೇ ಸಮುದ್ರದವರೆಗೆ ಹೋಗಿ ಬರುತ್ತೇನೆ. ಖುಷಿಯಾಗುತ್ತದೆ, ಸುಳ್ಳೇಕೆ ಹೇಳಲಿ. ಇವತ್ತೂ ಬಾಟಲಿ ಹಿಡಿದು ಹೋದರೆ ಚಿಕ್ಕಮ್ಮ ಕೊಡೆ ಬಿಡಿಸಿಕೊಂಡು ಮೊದಲೇ ದಡದಲ್ಲಿದ್ದಳು. ಕೆಂಪು ನೀರನ್ನೇ ನೋಡುತ್ತಾ, "ಹೋಗಿ ಬಾ," ಎಂದಳು.

"ಸಮುದ್ರಕ್ಕೆ ಹೋದ ನೀರು ವಾಪಸ್ ಬರ್ತದಾ ಚಿಕ್ಕಮ್ಮ?"

ಅವಳು ಕೊಡೆಯಿಂದ ಕೈ ಹೊರಚಾಚಿ ನಾಲ್ಕು ಮಳೆಹನಿ ಹಿಡಿದು ನನ್ನ ಮುಖಕ್ಕೆ ಎರಚಿದಳು.

"ಇದೆಂತ ಮತ್ತೆ ಮಾಣಿ?"