ಕಲ್ಲಿನ ಪಾಚಿ, ಮರದ ಸುದ್ದಿ

ಬಿಳಿಗಿರಿಯ ಕಾಡಿನಲ್ಲಿ ಬೆಳಕು ಇನ್ನೂ ನೆಲಕ್ಕೆ ಇಳಿದಿಲ್ಲ. ತೊರೆಯ ಪಕ್ಕದ ಬಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ರಂಗಮ್ಮ, ಮಲಗಿದ ಮಗುವಿನ ಮೇಲಿನ ಹೊದಿಕೆ ಸರಿಸುವಷ್ಟು ಮೆಲ್ಲಗೆ ಪಾಚಿ ಎಬ್ಬಿಸುತ್ತಾರೆ. ಅಂಗೈಯಗಲ ಎಬ್ಬಿಸಿದರೆ ಪಕ್ಕದ ಅಂಗೈಯಗಲ ಬಿಡುತ್ತಾರೆ.

"ಪೂರಾ ಬಳುದ್ಬುಟ್ರೆ ಕಲ್ಲು ಬೆತ್ತಲೆ ಆಯ್ತದ ಸಾ. ಮತ್ತೆ ಉಡ್ಸಕೆ ನಮ್ಮ ಕೈಲಿ ಆದದಾ?" ಎಂದು ಪೇಪರಿಗೆ ಬರೆಯಲು ಬಂದ ನನ್ನನ್ನು ಕೇಳುತ್ತಾರೆ.

ಈ ಪಾಚಿ ಹೋಗುವುದು ಮಧುವನಹಳ್ಳಿಯ ಸದಾಶಿವಪ್ಪನವರ ಕಸಿ ತೋಟಕ್ಕೆ. ಅಲ್ಲಿ ದಾಳಿಂಬೆ, ನಿಂಬೆಯ ಕೊಂಬೆಗಳ ಸಿಪ್ಪೆ ಸುಲಿದು ಒದ್ದೆ ಪಾಚಿ ಸುತ್ತಿ ಕಟ್ಟುತ್ತಾರೆ. ಕೆಲವು ವಾರಗಳಲ್ಲಿ ಅದರೊಳಗೆ ಬೇರು ಇಳಿಯುತ್ತದೆ. ಗಿಡ ಕೊಳ್ಳುವವರು ಬೇರನ್ನು ನೋಡುತ್ತಾರೆ, ಪಾಚಿ ಎಲ್ಲಿಂದ ಬಂತೆಂದು ಕೇಳುವುದಿಲ್ಲ.

ಯಳಂದೂರಿನಲ್ಲಿ ಬಸ್ಸು ಹತ್ತಿದರೆ ಮೂಟೆಯಿಂದ ನೀರು ತೊಟ್ಟಿಕ್ಕುತ್ತದೆ. ಕಂಡಕ್ಟರ್ ಚೆನ್ನಯ್ಯ ಬಿಡುವುದಿಲ್ಲ. "ಏನವ್ವ, ಬೆಟ್ಟದ ಮಳೇನೂ ಕಟ್ಕಂಡು ಬಂದ್ಯಾ? ಅದ್ಕೂ ಟಿಕೀಟು ತಕೋ."

"ನಿನ್ ಬಸ್ಸು ತೊಳ್ದಂಗಾಯ್ತು, ಸುಮ್ಕಿರು."

ಮೊದಲು ಇದು ಗಂಡ ದೇವಣ್ಣನ ಕೆಲಸ. ಮೇಲುಕಾಡಿನ ಒಂದು ಮುದಿ ನೇರಳೆ ಮರವನ್ನು ಅವರು ಹತ್ತುತ್ತಿದ್ದರು. ಬುಡದಲ್ಲಿ ಒಂದು ಜಾತಿಯ ಪಾಚಿ, ಕವಲಿನಲ್ಲಿ ಇನ್ನೊಂದು, ತುದಿಯಿಂದ ಜೋತುಬೀಳುವುದು ಮತ್ತೊಂದು. ಬೆಕ್ಕಿನ ಬಾಲ, ಮುದುಕಿ ಜಡೆ, ತೊಗಟೆಗೆ ಚಪ್ಪಟೆಯಾಗಿ ಅಂಟಿದ್ದು ಕಪ್ಪೆಕಿವಿ. ಇವೆಲ್ಲ ಗಂಡಹೆಂಡಿರು ತಮ್ಮಷ್ಟಕ್ಕೆ ಇಟ್ಟುಕೊಂಡ ಹೆಸರುಗಳು. ಅವರಿಗೆ ಅರವತ್ತೈದಾದ ವರ್ಷದ ಆಷಾಢದಲ್ಲಿ ಅದೇ ಪಾಚಿಯ ಮೇಲೆ ಕಾಲು ಜಾರಿತು. ಸೊಂಟ ಮುರಿಯಿತು. ಅಂದಿನಿಂದ ದೇವಣ್ಣ ಚಾಪೆಯ ಮೇಲಿದ್ದಾರೆ. ಎದ್ದ ದಿನ ಮೊದಲು ಹತ್ತುವುದು ಆ ಮರವನ್ನೇ ಎಂದು ಬಂದವರಿಗೆಲ್ಲ ಹೇಳುತ್ತಾರೆ.

ಹೋದ ಕಾರ್ತೀಕದಲ್ಲಿ ಆ ಮರವನ್ನು ಕಡಿದು ಸಾಗಿಸಿದರು. ರಂಗಮ್ಮ ಗಂಡನಿಗೆ ಹೇಳಿಲ್ಲ. ದಿನಾ ಸಂಜೆ ಒಂದು ಹಿಡಿ ಪಾಚಿಯನ್ನು ಅವರ ಕೈಗಿಟ್ಟು, ನಿನ್ ಮರದ್ದು ಎನ್ನುತ್ತಾರೆ. ಚಿಗುರಿತು, ಹೂ ಬಿಟ್ಟಿತು ಎಂದು ಸುದ್ದಿ ಹೇಳುತ್ತಾರೆ.

"ಮರ ಓಯ್ತು ಅಂದ್ರೆ ಅವ್ರು ಏಳೋ ಆಸೇನೇ ಬುಟ್ಬುಡ್ತಾರೆ. ನೀವೂ ಬಾಯಿ ಬುಡಬ್ಯಾಡಿ ಸಾ," ಎಂದು ಇಳಿಯುವ ದಾರಿಯಲ್ಲಿ ನನ್ನಿಂದ ಮಾತು ತೆಗೆದುಕೊಳ್ಳುತ್ತಾರೆ.

ಗುಡಿಸಲಿನೊಳಗೆ ಹೊಗೆ, ಒದ್ದೆ ಗೋಣಿಯ ವಾಸನೆ. ರಂಗಮ್ಮ ಪಾಚಿಯನ್ನು ಗಂಡನ ಅಂಗೈಗೆ ಇಡುತ್ತಾರೆ. "ಇವತ್ತು ಮರದ ಮ್ಯಾಲೆ ಮಂಗಟ್ಟೆ ಹಕ್ಕಿ ಕೂತಿತ್ತು."

ದೇವಣ್ಣ ಅದನ್ನು ಬೆರಳುಗಳ ನಡುವೆ ಹಿಸುಕುತ್ತಾರೆ. ಎದೆಯ ಮೇಲೆ ಮರಳು ಉದುರುತ್ತದೆ. ನನ್ನ ಪೆನ್ನಿನ ಕಡೆ ನೋಡುತ್ತಾರೆ.

"ಅದ್ನ ಬರೀಬ್ಯಾಡಿ ಸಾ. ಇಲ್ದಿರೋ ಮರವ ಪೇಪರ್‌ನಲ್ಲಿ ಅದ ಅಂತ ಆಕಬಾರ್ದು."

ಆಮೇಲೆ ರಂಗಮ್ಮನ ಕಡೆ ತಿರುಗುತ್ತಾರೆ.

"ಮರದ ಪಾಚಿಲಿ ಮರಳಿರ್ತದಾ ಮ್ಮಿ? ನೀನು ಕಲ್ಲಿನ ಪಾಚಿ ತಂದ ಮೊದಲ್ನೇ ದಿನ್ವೇ ಮರ ಓಯ್ತು ಅಂತ ಗೊತ್ತಾಯ್ತು."

"ಗೊತ್ತಿದ್ದೂ ಯಾಕೆ ಸುಮ್ಕಿದ್ದೆ?"

"ನೀನು ಸುದ್ದಿ ಏಳ್ತಿದ್ದೆ. ನಾನು ಕೇಳ್ಕಂಡು ಮನಗಿದ್ದೆ."

ರಂಗಮ್ಮ ಸೆರಗಿನಿಂದ ಗಂಡನ ಎದೆಯ ಮರಳು ಒರೆಸುತ್ತಾರೆ. "ಇನ್ಮ್ಯಾಲೆ ನಾನೇನ್ ಏಳ್ಲಿ?"

"ಕಲ್ಲಿನ ಸುದ್ದಿ ಏಳು," ಎನ್ನುತ್ತಾರೆ ದೇವಣ್ಣ. "ಅದ್ರ ಮ್ಯಾಕೆ ಅತ್ತಬೇಕು ಅಂತ ಆಸೆ ಆಗಲ್ಲ."