ಮನ್ಯಾಗ ಇರ್ತಾಳ್ರಿ

ಮೊದಲಿಗೆ ಓದುವವರ ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಒಂಬತ್ತನೆಯ ಇಯತ್ತೆಯಲ್ಲೇ ಶಾಲೆ ಬಿಟ್ಟವಳಾದ್ದರಿಂದ ಮಾತುಗಳೂ ಅಷ್ಟಕ್ಕಷ್ಟೆ. ತಪ್ಪು ಕಂಡಲ್ಲಿ ತಿದ್ದಿಕೊಂಡು ಓದಬೇಕು. ಇದು ಬನಹಟ್ಟಿಯಲ್ಲಿ ನಮ್ಮ ಓಣಿಯ ಕಾಂಚನಾಳ ಸಂಗತಿ. ನಡೆದದ್ದನ್ನು ನಡೆದ ಹಾಗೆಯೇ ಬರೆಯಬೇಕೆಂದು ಹಾಳೆ ಹರಿದು ಹರಿದು ಮತ್ತೆ ಬರೆದಿದ್ದೇನೆ.

ಕಾಂಚನಾ ವೀರಣ್ಣನ ಮಗಳು. ವೀರಣ್ಣನ ಪಡಸಾಲೆಯಲ್ಲಿ ಎರಡು ಪಾವರ್‌ಲೂಮ್ ಮಗ್ಗಗಳಿವೆ. ನೂಲು ಬಾಳಾಸಾಹೇಬ ಎಂಬ ಸಾಹುಕಾರರದು, ನೇಯುವವನು ವೀರಣ್ಣ, ನೇಯ್ದ ಸೀರೆ ಮತ್ತೆ ಸಾಹುಕಾರರದೇ. ಆದರೆ ಮಗ್ಗ ಓಡಬೇಕಾದರೆ ಕಂಡಿಕೆ ಬೇಕು. ಲಾಳಿಯ ಹೊಟ್ಟೆಯೊಳಗೆ ಕೂರುವ, ನೂಲು ಸುತ್ತಿದ ಸಣ್ಣ ಕೊಳವೆಗೆ ಕಂಡಿಕೆ ಎನ್ನುತ್ತಾರೆ. ಅದು ತೀರಿದ ಗಳಿಗೆಯಲ್ಲೇ ಮಗ್ಗ ನಿಲ್ಲುತ್ತದೆ. ಆ ಕಂಡಿಕೆಗಳನ್ನು ಸುತ್ತುವವರು ವೀರಣ್ಣನ ಹೆಂಡತಿ ಮಂಗಲಾ ಮತ್ತು ಕಾಂಚನಾ.

ಕಾಂಚನಾ ಏಳನೆಯ ಇಯತ್ತೆಯಲ್ಲಿ ಈ ಕೆಲಸಕ್ಕೆ ಕೂತವಳು ಎದ್ದಿಲ್ಲ. ಜಮಖಂಡಿಯ ಕಾಲೇಜಿಗೆ ಬಸ್ಸಿನಲ್ಲಿ ಓಡಾಡಿ ಬಿ.ಎ. ಮುಗಿಸಿದಳು. ಆಗಲೂ ಬಸ್ಸು ಹಿಡಿಯುವ ಮೊದಲು ಒಂದಿಷ್ಟು, ಇಳಿದು ಬಂದ ಮೇಲೆ ಒಂದಿಷ್ಟು ಸುತ್ತುತ್ತಿದ್ದಳು. ಪುಸ್ತಕವನ್ನು ಕಂಡಿಕೆ ಸುತ್ತುವ ಯಂತ್ರಕ್ಕೆ ಒರಗಿಸಿಟ್ಟು ಪರೀಕ್ಷೆಗೆ ಓದಿದಳು. ಇವತ್ತಿಗೂ ಆ ಪುಸ್ತಕ ತೆರೆದರೆ ನೂಲಿನ ಧೂಳು ಉದುರುತ್ತದೆ.

ಒಮ್ಮೆ ನೇಕಾರರಿಗೆ ಯಾವುದೋ ಸವಲತ್ತು ಬಂದಿದೆ ಎಂದು ಕೇಳಿ ತಾಯಿಯನ್ನು ಕರೆದುಕೊಂಡು ಸರಕಾರಿ ಕಚೇರಿಗೆ ಹೆಸರು ಬರೆಸಲು ಹೋಗಿದ್ದಳು. ಕಿಟಕಿಯೊಳಗಿನವನು ಮಂಗಲಾಳನ್ನು ಕೇಳಿದ.

"ನೀವು ಮಗ್ಗ ಹೊಡೀತೀರೇನ್ರಿ?"

"ಇಲ್ರಿ."

"ಹಂಗಾರ ನೀವು ನೇಕಾರ ಅಲ್ರಿ ಬಿಡ್ರಿ."

"ಕಂಡಿಕಿ ಸುತ್ತತಾಳ್ರಿ ನಮ್ಮವ್ವ," ಎಂದಳು ಕಾಂಚನಾ.

"ಅದಕ್ಕ ಇದರಾಗ ಜಾಗಾ ಇಲ್ಲವ್ವಾ. ನಾ ಏನ್ ಬರದಿಲ್ಲ ಇದನ್ನ. ಮ್ಯಾಲಿನವರು ಬರದಾರ."

ಆ 'ಮ್ಯಾಲಿನವರು' ಎಂಬ ಮಾತು ಕಾಂಚನಾಳ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತು. ಕಾಲೇಜಿನ ಅರುಣ ಸರ್ ಅವರನ್ನು ಕೇಳಿಯೂ ಬಿಟ್ಟಳು, "ಸರ್, ಈ ಮ್ಯಾಲಿನವರು ಮುಗಿಲಿನಿಂದ ಇಳೀತಾರೇನ್ರಿ?"

ಅವರು ನಕ್ಕರು. "ಇಲ್ಲವ್ವಾ. ಅವರೂ ನಿನ್ನಂಗ ಎಲ್ಲೋ ಕುಂತು ಕಲಿತಿರ್ತಾರ. ಅದಕ್ಕಂತನ ಒಂದು ಓದು ಐತಿ. ಸಾರ್ವಜನಿಕ ನೀತಿ ಅಂತಾರ. ಬೆಂಗಳೂರಿನ ಒಂದು ವಿಶ್ವವಿದ್ಯಾಲಯದಾಗ ಎಂ.ಎ. ಮಾಡಬಹುದು."

ಮನೆಯಲ್ಲಿ ಹೇಳಿದಾಗ ಮಂಗಲಾ ಕೈ ನಿಲ್ಲಿಸದೆಯೇ ಅಂದಳು, "ನೀತಿ ಕಲಿಯಾಕ ಬೆಂಗಳೂರಿಗೆ ಯಾಕ ಹೋಗಬೇಕ ಬೇ? ನಾವು ಮನ್ಯಾಗ ಕಲಿಸಿಲ್ಲೇನು?"

"ಆ ನೀತಿ ಅಲ್ಲ ಬೇ ಯವ್ವಾ. ಸರಕಾರ ಯಾರಿಗೆ ಏನ್ ಕೊಡಬೇಕು, ಯಾರನ್ನ ಬಿಡಬೇಕು ಅಂತ ಬರಿತದಲ್ಲ, ಅದು."

"ಹಂಗಂದ್ರ ಅನೀತಿ ಅನ್ನು," ಎಂದು ವೀರಣ್ಣ ಮಗ್ಗದ ಕಡೆಯಿಂದ ಕೂಗಿದ. ಮೂವರೂ ನಕ್ಕರು. ಆ ಮನೆಯಲ್ಲಿ ಈ ವಿಷಯಕ್ಕೆ ನಕ್ಕದ್ದು ಅದೇ ಕೊನೆ.

ಬೆಂಗಳೂರಿನ ಆ ವಿಶ್ವವಿದ್ಯಾಲಯದಲ್ಲಿ ಸೀಟು ಸಿಗುವುದು ಸುಲಭವಿರಲಿಲ್ಲ. ಪ್ರವೇಶ ಪರೀಕ್ಷೆ ಪೂರಾ ಇಂಗ್ಲಿಷಿನಲ್ಲಿತ್ತು. ಅದರಲ್ಲಿ ಕಾಂಚನಾ ಪಾಸಾದಳು, ಆದರೆ ಮುಂದಿನ ಸಾಲಿನಲ್ಲಿ ನಿಲ್ಲುವಷ್ಟು ಅಂಕ ಬರಲಿಲ್ಲ. ಅವಳಿಗೆ ಉಳಿದದ್ದು ಒಂದೇ ದಾರಿ. ದುಡಿದ ಅನುಭವ ಇರುವವರಿಗೆಂದು ಅಲ್ಲಿ ಕೆಲವು ಸೀಟುಗಳನ್ನು ಬೇರೆ ಇಟ್ಟಿದ್ದರು. ದುಡಿದದ್ದು ನಿಜವೆಂದು ಕೆಲಸ ಕೊಟ್ಟವರು ಬರೆದುಕೊಡಬೇಕು, ಆಮೇಲೆ ವಿಶ್ವವಿದ್ಯಾಲಯದವರು ತಾವೇ ಫೋನ್ ಮಾಡಿ ವಿಚಾರಿಸುತ್ತಾರೆ.

ಕಾಂಚನಾ ಬಾಳಾಸಾಹೇಬರ ಅಂಗಡಿಗೆ ಹೋದಳು. ಅವರು ಗಾದಿಯ ಮೇಲೆ ಕೂತು ಸೀರೆಯ ಅಂಚು ನೋಡುತ್ತಿದ್ದರು.

"ಕೆಲಸ ಅಂತ ಬರೀಲ್ಯಾ? ನಾ ಕೂಲಿ ಕೊಡೋದು ನಿಮ್ಮಪ್ಪಗ. ನೀ ಅವಗ ಸಹಾಯಕ್ಕ ಕೈಗೂಡಿಸ್ತೀ. ಹಂಗ ಬರೀತೇನಿ. ಛಂದ ಕಾಣತೈತಿ."

"ಬ್ಯಾಡ್ರಿ ಸಾಹುಕಾರ್ರ. ಕೈಗೂಡಿಸೋದಂದ್ರ ಹಬ್ಬದಾಗ ಹೋಳಿಗಿ ಲಟ್ಟಿಸೋದು. ನಾ ದಿನಾ ಸುತ್ತತೇನಿ. ನಿಮ್ಮ ನೂಲನ್ನ ಸುತ್ತತೇನಿ."

 ಬಾಳಾಸಾಹೇಬರು ಕನ್ನಡಕದ ಮೇಲಿಂದ ನೋಡಿದರು. "ವೀರಣ್ಣನ ಮಗಳ ಬಾಯಾಗ ಇಷ್ಟ ಮಾತು ಇದ್ದದ್ದು ಗೊತ್ತಿರಲಿಲ್ಲ ಬಿಡವಾ," ಎಂದರು. ಕೆಲಸ ಎಂದೇ ಬರೆದುಕೊಟ್ಟರು.

ಅರ್ಜಿ ಹೋಯಿತು. ಅದರಲ್ಲಿ ಕಾಂಚನಾ ತನ್ನ ನಂಬರಿನ ಜೊತೆಗೆ ಮನೆಯದೆಂದು ತಂದೆಯ ನಂಬರನ್ನೂ ಕೊಟ್ಟಿದ್ದಳು.

ಫೋನ್ ಬಂದದ್ದು ಅವಳು ಜಮಖಂಡಿಗೆ ಅಂಕಪಟ್ಟಿ ತರಲು ಹೋದ ದಿನ. ಅವಳ ಫೋನು ಬಸ್ಸಿನ ಗದ್ದಲದಲ್ಲಿ ಕೇಳಿಸಲಿಲ್ಲ. ವೀರಣ್ಣ ಸೀರೆ ಕೊಡಲು ಹೋಗಿದ್ದ, ಅವನ ಫೋನು ಮನೆಯಲ್ಲೇ ಇತ್ತು. ಮಂಗಲಾ ಒಂದು ಕೈಯಲ್ಲಿ ನೂಲು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಫೋನು ಎತ್ತಿದಳು. ಆ ಕಡೆ ಒಬ್ಬ ಹೆಣ್ಣುಮಗಳು, ಬಹಳ ನಯವಾದ ಮಾತು. ಕಾಂಚನಾ ಅವರು ಏನು ಕೆಲಸ ಮಾಡುತ್ತಾರೆ ಎಂದು ಕೇಳಿದಳು.

ಕಾಂಚನಾ ಮನೆಗೆ ಬಂದಾಗ ಮಂಗಲಾ ತಾನೇ ಖುಷಿಯಿಂದ ಹೇಳಿದಳು. "ನಿನ್ನ ಸಾಲಿಯಿಂದ ಫೋನ್ ಬಂದಿತ್ತು. ಎಷ್ಟು ಮರ್ಯಾದಿಲೆ ಮಾತಾಡಿದ್ಳು ಅಂತಿ ಆಕಿ. ನಾನೂ ಹಂಗ ಹೇಳೇನಿ. ನಮ್ಮ ಹುಡುಗಿ ಎಲ್ಲೂ ದುಡಿಯಾಕ ಹೋದಾಕಿ ಅಲ್ರಿ, ಮನ್ಯಾಗ ಇರ್ತಾಳ್ರಿ, ಛಲೋ ಮನಿತನ ಐತ್ರಿ ನಮ್ದು ಅಂದ್ನಿ."

ಕಾಂಚನಾ ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತಳು. "ಏನಂದಿ?"

"ಯಾಕ, ತಪ್ಪೇನೈತಿ ಅದರಾಗ?"

"ಕಂಡಿಕಿ ಸುತ್ತತಾಳೇನು ಅಂತ ಕೇಳಲಿಲ್ಲ ಆಕಿ?"

"ಕೇಳಿದ್ಳು. ಏ ಅದೇನ್ ಕೆಲಸ್ರಿ, ಸುಮ್ಮನ ಕುಂತಾಗ ಆಡ್ಕೋತ ಮಾಡ್ತಾಳ ಅಂದ್ನಿ."

ಹಾಗೆ ಹೇಳುವಾಗಲೂ ಮಂಗಲಾಳ ಬೆರಳು ನೂಲಿನ ಮೇಲೆಯೇ ಇತ್ತು. ಸವೆದು ಗೀರು ಬಿದ್ದ ಬೆರಳು. ಕಾಂಚನಾಳಿಗೆ ಅದನ್ನು ಕಂಡು ಕರುಣೆ ಬರಲಿಲ್ಲ, ಮೈಯೆಲ್ಲ ಉರಿಯಿತು. ಕಿಟಕಿಯೊಳಗಿನವನ ಮೇಲೆ ಇಷ್ಟು ದಿನ ಕಾಯ್ದಿಟ್ಟ ಸಿಟ್ಟು ಎಲ್ಲಿಗೆ ಹೋಗಬೇಕೋ ತಿಳಿಯದೆ ಮನೆಯೊಳಗೇ ತಿರುಗಿತು. ಅವನು ಬರೆಯದೆ ಬಿಟ್ಟಿದ್ದ. ಇವಳು ತನ್ನ ಬಾಯಿಂದಲೇ ಅಳಿಸಿದ್ದಳು.

ಕಾಂಚನಾ ಯಂತ್ರದ ಬಟನ್ ಆರಿಸಿದಳು. ಮಂಗಲಾ "ಏ" ಎನ್ನುವಷ್ಟರಲ್ಲಿ ನೂಲು ಸಡಿಲಾಯಿತು.

"ನನ್ನ ಸೀಟು ಹೋತು ಬೇ. ದುಡದೇನಿ ಅಂತ ಹೇಳಿದ್ದಕ್ಕ ಸಿಗೋದಿತ್ತು ಅದು. ನೀ ಆಡ್ಕೋತ ಮಾಡ್ತಾಳ ಅಂದಿ."

"ನನಗೇನ ಗೊತ್ತವಾ. ದುಡಿಯಾಕ ಹಚ್ಚೇವಿ ಅಂತ ಯಾವ ತಾಯಿ ಹೇಳ್ಕೋತಾಳ?"

ವೀರಣ್ಣ ಅಷ್ಟರಲ್ಲಿ ಬಂದು ಮಗ್ಗ ಶುರು ಮಾಡಿದ್ದ. ಸ್ವಲ್ಪ ಹೊತ್ತಿಗೆ ಒಂದು ಮಗ್ಗ ನಿಂತಿತು, ಅದರ ಹಿಂದೆಯೇ ಇನ್ನೊಂದು.

"ಕಂಡಿಕಿ ಎಲ್ಲಿ ಅದಾವು?" ಎಂದು ಕೂಗಿದ.

"ಇಲ್ಲಿ ಯಾರೂ ಕೆಲಸ ಮಾಡೋದಿಲ್ಲಪ್ಪಾ," ಎಂದಳು ಕಾಂಚನಾ. "ಸುಮ್ಮನ ಕುಂತೇವಿ. ಅವ್ವ ಬೆಂಗಳೂರಿನವರಿಗೂ ಹೇಳ್ಯಾಳ."

"ಚಾಷ್ಟಿ ಸಾಕು. ಕಂಡಿಕಿ ಕೊಡು."

"ನೀನ ಸುತ್ತಕೋ. ಕೆಲಸ ಅಲ್ಲಲ್ಲ ಅದು, ಆಡ್ಕೋತ ಸುತ್ತು."

ವೀರಣ್ಣ ಎದ್ದು ಬಂದ. ಮಗಳು ಇಷ್ಟು ಎದುರು ಮಾತಾಡಿದ್ದನ್ನು ಅವನು ಕಂಡಿರಲಿಲ್ಲ. ಕೈ ಎತ್ತುತ್ತಾನೇನೋ ಎಂದು ಮಂಗಲಾ ನಡುವೆ ಬಂದಳು. ಅವನು ಕೈ ಎತ್ತಲಿಲ್ಲ. ನಿಂತ ಮಗ್ಗಗಳನ್ನು ನೋಡಿದ, ಖಾಲಿ ಬುಟ್ಟಿಯನ್ನು ನೋಡಿದ, ಅಂಗಿ ಹಾಕಿಕೊಂಡು ಚಹಾ ಅಂಗಡಿಯ ಕಡೆ ಹೋದ.

ಮಗ್ಗದ ಸದ್ದಿಲ್ಲದ ಮನೆಯಲ್ಲಿ ಮಾತು ಬಹಳ ದೊಡ್ಡದಾಗಿ ಕೇಳುತ್ತಿತ್ತು. ಮಂಗಲಾ ದನಿ ತಗ್ಗಿಸಿದಳು. "ನಾ ಈ ಮನಿಗೆ ಬಂದಾಗಿಂದ ಹಂಗ ಹೇಳ್ಕೋತ ಬಂದೇನಿ. ನಾನೂ ದುಡೀತೇನಿ ಅಂದಿದ್ರ, ವೀರಣ್ಣ ಹೆಂಡತಿನ್ನ ದುಡಿಸ್ಕೊಂಡು ತಿಂತಾನ ಅಂತಿದ್ರು ಮಂದಿ. ನಿಮ್ಮಪ್ಪನ ಮಾನ ಕಾಯ್ದೇನಿ. ನಿನ್ನ ಮಾನಾನೂ ಕಾಯ್ದೇನಿ. ನಾಳೆ ನಿನ್ನ ನೋಡಾಕ ಬರೋರು ಇದನ್ನ ಕೇಳ್ತಾರ."

"ಖರೆ ಹೇಳಿದ್ರ ಹೋಗೋ ಮಾನ ನನಗ ಬ್ಯಾಡ. ನೀ ಈಗ ಫೋನ್ ಹಚ್ಚಿ ಹೇಳು. ಆಕಿ ದುಡೀತಾಳ, ನಾನೂ ದುಡೀತೇನಿ ಅಂತ ಹೇಳು."

ಮಂಗಲಾ ಸೆರಗಿನಿಂದ ಕೈ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು.

"ನನ್ನ ಕಡೆ ಆಗೂದಿಲ್ಲ," ಎಂದಳು.

ಮರುದಿನ, ಶನಿವಾರ, ಕಾಂಚನಾಳ ಮೊಬೈಲಿಗೆ ಇ-ಮೇಲ್ ಬಂತು. ಮನೆಯವರು ಹೇಳಿದ್ದಕ್ಕೂ ಸಾಹುಕಾರರು ಬರೆದದ್ದಕ್ಕೂ ತಾಳೆಯಾಗುತ್ತಿಲ್ಲ, ವಿವರಣೆ ಇದ್ದರೆ ಒಂದು ವಾರದೊಳಗೆ ತಿಳಿಸಬೇಕು, ಇಲ್ಲವಾದರೆ ಅರ್ಜಿಯನ್ನು ಸಾಮಾನ್ಯ ಸೀಟುಗಳಿಗೆ ವರ್ಗಾಯಿಸಲಾಗುವುದು ಎಂದು ಅದರಲ್ಲಿತ್ತು. ಸಾಮಾನ್ಯ ಸೀಟಿಗೆ ಅವಳ ಅಂಕ ಸಾಲುವುದಿಲ್ಲ. ಕಾಂಚನಾ ಅದನ್ನು ತಾಯಿಗೆ ಕನ್ನಡದಲ್ಲಿ ಓದಿ ಹೇಳಿದಳು, ಒಂದು ಮಾತೂ ಬಿಡಲಿಲ್ಲ.

"ಹಂಗಾರ ನೀ ಏನ್ ಹೇಳ್ತಿ ಅವರಿಗೆ?" ಎಂದಳು ಮಂಗಲಾ.

"ನಮ್ಮವ್ವ ಸುಳ್ಳ ಹೇಳ್ಯಾಳ ಅಂತ ಹೇಳ್ತೇನಿ."

ಮಂಗಲಾಳ ಮುಖ ಕೆಂಪಾಯಿತು. ಹೊಡೆದಿದ್ದರೂ ಅಷ್ಟು ನೋವಾಗುತ್ತಿರಲಿಲ್ಲ. ಪರವೂರಿನ, ಮುಖ ಕಾಣದ ಹೆಣ್ಣುಮಗಳ ಮುಂದೆ ತನ್ನನ್ನು ಸುಳ್ಳುಗಾತಿ ಎಂದು ತನ್ನ ಮಗಳೇ ಹೇಳುತ್ತಾಳೆ. ಕಾಂಚನಾಳಿಗೂ ಅದು ಗೊತ್ತಿತ್ತು. ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಒಂದು ಗಳಿಗೆ ಅನಿಸಿತು. ಆಗ ಮಂಗಲಾ ಯಂತ್ರದ ಬಟನ್ ಹಾಕಿ, ಬುಟ್ಟಿಯಿಂದ ಖಾಲಿ ಕೊಳವೆ ಎತ್ತಿಕೊಂಡು ಸುತ್ತಲು ಕೂತಳು. ಏನೂ ಕೆಲಸ ಮಾಡದವಳ ಹಾಗೆ, ಸುಮ್ಮನೆ. ಅದನ್ನು ಕಂಡು ಕಾಂಚನಾಳ ಸಿಟ್ಟು ಮತ್ತೆ ಗಟ್ಟಿಯಾಯಿತು.

"ಹೇಳು ಹೋಗು," ಎಂದಳು ಮಂಗಲಾ, ತಲೆ ಎತ್ತದೆ. "ನನ್ನ ಮುಂದ ಹೇಳಬ್ಯಾಡ ಅಷ್ಟ."

ನಾನು ಇದನ್ನು ಬರೆಯುತ್ತಿರುವ ಇವತ್ತು ಭಾನುವಾರ, ವಿಶ್ವವಿದ್ಯಾಲಯದ ಕಚೇರಿ ನಾಳೆ ಸೋಮವಾರ ಬೆಳಿಗ್ಗೆ ತೆರೆಯುತ್ತದೆ. ಕಾಂಚನಾ ಹಿತ್ತಲಿಗೆ ಹೋಗಿ, ತಾಯಿಗೆ ಫೋನ್ ಬಂದಿದ್ದ ಆ ನಂಬರಿಗೆ ಫೋನ್ ಮಾಡುತ್ತಾಳೆ. ತನ್ನ ತಾಯಿ ಹೇಳಿದ್ದು ಸುಳ್ಳು, ತಾಯಿ ಮತ್ತು ತಾನು ಇಬ್ಬರೂ ದುಡಿಯುವವರು ಎಂದು ಹೇಳುತ್ತಾಳೆ.